ಆಗದೇ ಉಳಿದ ಹುಣ್ಣು

"ನಿಮ್ಮ ಮನೆಯವರು ಆಸ್ಪತ್ರೇಲಿ ಏನು ಕೆಲಸ ಮಾಡ್ತಾರೆ?" ಎಂದು ಯಾರಾದರೂ ಕೇಳಿದರೆ ನಮ್ಮಣ್ಣ, "ಮಲಗಿದವರನ್ನ ಹೊರಳಿಸ್ತಾಳೆ" ಎನ್ನುತ್ತಾನೆ. ಕೇಳಿದವರು ನಗುತ್ತಾರೆ, ಅತ್ತಿಗೆಯೂ ನಗುತ್ತಾರೆ. ಮೈ ಉರಿಯುವುದು ನನಗೆ ಮಾತ್ರ. ಅರ್ಧ ಮೈ ಸ್ವಾಧೀನ ತಪ್ಪಿದ ಭಾರಿ ಆಳೊಬ್ಬನನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿ, ಅಡಿಯ ಬಟ್ಟೆಯ ಸುಕ್ಕು ತೆಗೆಯುವುದನ್ನು ಅಣ್ಣ ಒಂದು ಸಲ ಮಾಡಿ ನೋಡಲಿ. ಅವನಿಗೆ ತಾನು ಹೊದ್ದ ಹೊದಿಕೆ ಮಡಚುವುದಕ್ಕೂ ಇನ್ನೊಬ್ಬರು ಬೇಕು.

ಹೀಗೆ ಹೊರಳಿಸುವುದು ಎರಡೆರಡು ಗಂಟೆಗೊಮ್ಮೆ ಆಗಬೇಕು. ಆಗದಿದ್ದರೆ ಮೈಯ ಭಾರವೆಲ್ಲ ಒಂದೇ ಕಡೆ ಕೂತು, ಅಲ್ಲಿಗೆ ರಕ್ತ ಹರಿಯದೆ, ಚರ್ಮ ಕೆಟ್ಟು ಹಾಸಿಗೆ ಹುಣ್ಣಾಗುತ್ತದೆ. ಒಮ್ಮೆ ಆದರೆ ಅದು ಮಾಯುವಷ್ಟರಲ್ಲಿ ರೋಗಿಯೂ ಮನೆಯವರೂ ಹೈರಾಣಾಗಿಬಿಡುತ್ತಾರೆ. ಅತ್ತಿಗೆ ಇರುವುದು ಗಂಡಸರ ದೀರ್ಘಕಾಲದ ವಾರ್ಡಿನಲ್ಲಿ. ಲಕ್ವ ಹೊಡೆದವರು, ಸೊಂಟ ಮುರಿದವರು, ವಯಸ್ಸಾಗಿ ಸುಮ್ಮನೆ ಸೋತುಹೋದವರು ಅಲ್ಲಿ ತಿಂಗಳುಗಟ್ಟಲೆ ಮಲಗಿರುತ್ತಾರೆ. ಮಧ್ಯಾಹ್ನದ ಪಾಳಿ ಅತ್ತಿಗೆಯ ಕೈಯಲ್ಲಿ, ಅವರ ಜೊತೆಗೆ ಇಬ್ಬರು ನರ್ಸುಗಳು. ಇಬ್ಬರು ಸೇರಿದರೆ ಒಬ್ಬ ರೋಗಿಯನ್ನು ಹೊರಳಿಸಬಹುದು. ಆ ಹೊತ್ತಿನಲ್ಲಿ ಉಣಿಸುವುದು, ಔಷಧಿ, ಕರೆಗಂಟೆ ಎಲ್ಲವನ್ನೂ ಮೂರನೆಯವಳು ನೋಡಿಕೊಳ್ಳುತ್ತಾಳೆ. ಮೂವರು ಇದ್ದರೆ ವಾರ್ಡ್ ನಡೆಯುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ.

ನಾನೂ ಅದೇ ಆಸ್ಪತ್ರೆಯವಳು. ಮೊದಲು ನರ್ಸೇ ಆಗಿದ್ದೆ, ಬೆನ್ನು ಕೈಕೊಟ್ಟ ಮೇಲೆ ಕಂಪ್ಯೂಟರ್ ವಿಭಾಗಕ್ಕೆ ಹಾಕಿದರು. ಅಂದಿನಿಂದ ಅತ್ತಿಗೆ ನನ್ನನ್ನು 'ಕುರ್ಚಿ' ಎಂದು ಕರೆಯುತ್ತಾರೆ. ಮನೆಯಲ್ಲಿ ಅಣ್ಣ ಅತ್ತಿಗೆ ಕೆಳಗೆ, ನಾನೂ ನನ್ನ ಗಂಡನೂ ಮೇಲೆ. ಅಡುಗೆಮನೆ ಮಾತ್ರ ಒಂದೇ. ಅತ್ತಿಗೆ ನಾದಿನಿಗೆ ಜಗಳವಾಡಲು ಒಂದು ಜಾಗವಾದರೂ ಬೇಕಲ್ಲ.

ಅತ್ತಿಗೆಯ ವಾರ್ಡಿಗೆ ಒಂದು ಕಟ್ಟಳೆ ಇತ್ತು. ಪಾಳಿ ಮುಗಿಸುವಾಗ ರೋಗಿಯಲ್ಲಿ ಏನು ಬದಲಾಯಿತೋ ಅದನ್ನು ಬರೆಯಬೇಕು, ತಾನೇನು ಮಾಡಿದೆ ಎಂಬುದನ್ನಲ್ಲ. ಜ್ವರ ಬಂದರೆ ಬರೆಯಬೇಕು, ವಾಂತಿಯಾದರೆ ಬರೆಯಬೇಕು. ಏನೂ ಆಗದಿದ್ದರೆ "ಎಂದಿನ ಆರೈಕೆ ಕೊಡಲಾಗಿದೆ" ಎಂದು ಒಂದು ಸಾಲು. ಹೊರಳಿಸಿದ್ದು, ಒರೆಸಿದ್ದು, ನುಂಗಲಾಗದವನಿಗೆ ಕತ್ತು ಬಾಗಿಸಿ ಒಂದೊಂದೇ ಚಮಚ ಉಣಿಸಿದ್ದು, ಹಾಸಿಗೆಯಿಂದ ಇಳಿಯಲು ಹೊರಟವನನ್ನು ಮಾತಿನಲ್ಲೇ ತಡೆದು ಕೂರಿಸಿದ್ದು, ಎಲ್ಲವೂ ಆ ಸಾಲಿನೊಳಗೆ ಅಡಗಿಹೋಗುತ್ತಿತ್ತು. ಅತ್ತಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಟ ತುಂಬ ಬರೆದು ಒಯ್ದಾಗ ಅಂದಿನ ಹಿರಿಯ ನರ್ಸ್, "ನೀನು ಏನೇನು ಮಾಡಿದೆ ಅಂತ ಯಾರು ಕೇಳಿದ್ರು? ರೋಗಿ ಹೇಗಿದ್ದಾನೆ ಅದನ್ನ ಹೇಳು" ಎಂದು ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಅಂದಿದ್ದರಂತೆ. ತನ್ನ ಕೆಲಸವನ್ನು ತಾನೇ ಬರೆದುಕೊಳ್ಳುವುದು ಜಂಬ ಎಂದು ಅತ್ತಿಗೆಯ ತಲೆಯಲ್ಲಿ ಕೂತದ್ದು ಅಲ್ಲಿಂದ. ಅವರ ಕೈಕೆಳಗೆ ಬಂದವರಿಗೂ ಅದನ್ನೇ ಕಲಿಸಿದರು.

ಜಂಬ ಪಡುತ್ತಿದ್ದುದು ಒಂದೇ ಒಂದು ವಿಷಯಕ್ಕೆ. ವರ್ಷಗಳಿಂದ ಅವರ ವಾರ್ಡಿನಲ್ಲಿ ಯಾರಿಗೂ ಹಾಸಿಗೆ ಹುಣ್ಣಾಗಿರಲಿಲ್ಲ. ಬೇರೆಲ್ಲೋ ಹುಣ್ಣು ಮಾಡಿಕೊಂಡು ಬಂದವರಿಗೂ ಇಲ್ಲಿ ಬಂದು ಮಾಯುತ್ತಿತ್ತು. ಅದನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಸ ಡಾಕ್ಟರು ಯಾರಾದರೂ ರೋಗಿಯ ಬೆನ್ನು ನೋಡಲು ಬಗ್ಗಿದರೆ ಪಕ್ಕದಲ್ಲಿ ನಿಂತು ಕಿಟಕಿಯ ಕಡೆ ನೋಡುತ್ತಿದ್ದರು, ಅಷ್ಟೇ.

ರೋಗಿಗಳ ದಾಖಲೆಯೆಲ್ಲ ಕಂಪ್ಯೂಟರಿಗೆ ಹೋದಾಗ ನರ್ಸುಗಳಿಗೆ ಕಲಿಸುವ ಕೆಲಸ ನನ್ನ ತಲೆಗೆ ಬಂತು. ಕಾಗದದಲ್ಲಿ ಬರೆಯುತ್ತಿದ್ದುದನ್ನೇ ಕಂಪ್ಯೂಟರಿನಲ್ಲಿ ಬರೆಯುವುದಾಗಿದ್ದರೆ ರಗಳೆ ಇರಲಿಲ್ಲ. ಹೊಸ ಪದ್ಧತಿಯಲ್ಲಿ ಬಾಯಿಗೆ ಬಂದ ಮಾತಿನಲ್ಲಿ ಬರೆಯುವ ಹಾಗಿಲ್ಲ. ರೋಗಿಯ ತೊಂದರೆ ಏನು, ಅದಕ್ಕೆ ನರ್ಸ್ ಏನು ಮಾಡಿದಳು, ಮಾಡಿದ್ದರಿಂದ ಏನಾಯಿತು ಎಂಬುದಕ್ಕೆಲ್ಲ ಮೊದಲೇ ಗೊತ್ತುಮಾಡಿದ ಪದಗಳಿವೆ. ಅವುಗಳಲ್ಲಿ ಸರಿಯಾದುದನ್ನು ಆರಿಸಿ ಒತ್ತಬೇಕು.

ಯಾಕೆ ಹೀಗೆ ಎಂದು ತೋರಿಸಲು ತರಬೇತಿಯ ಮೊದಲ ದಿನವೇ ಗೋಡೆಯ ಪರದೆಯ ಮೇಲೆ ಒಬ್ಬ ರೋಗಿಯ ಬೆನ್ನಿನ ಚಿತ್ರ ತೋರಿಸಿ, "ಕಂಡದ್ದನ್ನ ಒಂದು ಚೀಟೀಲಿ ಬರೀರಿ" ಅಂದೆ. ಒಬ್ಬಳು 'ಬೆನ್ನು ಕೆಂಪಗಾಗಿದೆ' ಎಂದು ಬರೆದಳು. ಇನ್ನೊಬ್ಬಳು 'ಚರ್ಮ ಕಂದಿದೆ', ಮತ್ತೊಬ್ಬಳು 'ಹುಣ್ಣಿನ ಸೂಚನೆ'. ಒಬ್ಬ ಪುಣ್ಯಾತ್ಗಿತ್ತಿ 'ಪರವಾಗಿಲ್ಲ' ಎಂದಷ್ಟೇ ಬರೆದಿದ್ದಳು.

"ನೋಡಿ, ಬೆನ್ನು ಒಂದೇ, ಮಾತು ಇಷ್ಟೊಂದು. ಓದೋ ಮನುಷ್ಯನಿಗೆ ಹೇಗೋ ಅರ್ಥ ಆಗುತ್ತೆ. ಎಣಿಸೋ ಕಂಪ್ಯೂಟರಿಗೆ ಇವೆಲ್ಲ ಬೇರೆಬೇರೆ. ಅದಕ್ಕೇ ಎಲ್ಲರೂ ಒಂದೇ ಪದ ಹೇಳ್ಬೇಕು" ಅಂದೆ.

ಹಿಂದಿನ ಸಾಲಿನಿಂದ ಅತ್ತಿಗೆಯ ದನಿ ಬಂತು. "ಒಂದೇ ಮನೇಲಿರೋ ಗಂಡ ಹೆಂಡ್ತಿ ಬಾಯಲ್ಲೇ ಒಂದು ಮಾತು ಬರಲ್ಲ. ಇಡೀ ಆಸ್ಪತ್ರೆ ಬಾಯಲ್ಲಿ ಬರುತ್ತಾ, ಕುರ್ಚಿ?"

ಸಭೆಗೆ ಸಭೆಯೇ ನಕ್ಕಿತು. ಆ ದಿನ ನಾನು ಕಲಿಸಿದ್ದರಲ್ಲಿ ಎಲ್ಲರಿಗೂ ನೆನಪುಳಿದದ್ದು ಅದೊಂದೇ ಮಾತು.

ಅತ್ತಿಗೆ ಹೊಸ ಪದ್ಧತಿ ಬೇಡ ಎಂದು ಹಟ ಹಿಡಿಯಲಿಲ್ಲ. ಅದಕ್ಕಿಂತ ಬುದ್ಧಿವಂತಿಕೆಯ ಕೆಲಸ ಮಾಡಿದರು. ಕಂಪ್ಯೂಟರ್ ಪರದೆಯ ಕೆಳತುದಿಯಲ್ಲಿ 'ಇತರೆ' ಎಂಬ ಒಂದು ಸಣ್ಣ ಚೌಕ ಇತ್ತು. ಪಟ್ಟಿಯಲ್ಲಿ ಸಿಗದ್ದು ಏನಾದರೂ ಇದ್ದರೆ ಅಲ್ಲಿ ಬರೆಯಲಿ ಎಂದು ಬಿಟ್ಟದ್ದು. ಮೊದಲ ವಾರವೇ ಅತ್ತಿಗೆಯ ಕಣ್ಣು ಅದರ ಮೇಲೆ ಬಿತ್ತು. 'ಎಂದಿನ ಆರೈಕೆ ಕೊಡಲಾಗಿದೆ' ಅಲ್ಲಿ ಹೋಗಿ ಕೂತಿತು. ವಾರ್ಡಿನ ಮೂರನೆಯ ನರ್ಸ್ ಬಹಳ ಚುರುಕು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುತ್ತಾಳೆ; ಅವಳನ್ನು ಎಲ್ಲರೂ 'ಗಡಿಬಿಡಿ' ಎನ್ನುವುದು. ಗಡಿಬಿಡಿ ಆ ಸಾಲನ್ನು ಒಮ್ಮೆ ನಕಲು ಮಾಡಿ ಪ್ರತಿ ರೋಗಿಯ ಚೌಕಕ್ಕೂ ಅಂಟಿಸುವುದನ್ನು ಕಲಿತುಬಿಟ್ಟಳು. ಎರಡು ನಿಮಿಷದಲ್ಲಿ ಇಡೀ ವಾರ್ಡಿನ ಕತೆ ಮುಗಿಯುತ್ತಿತ್ತು. "ಅತ್ತಿಗೆ, ಆ ಚೌಕದಲ್ಲಿ ಹಾಕಿದ್ದು ಲೆಕ್ಕಕ್ಕೆ ಬರಲ್ಲ" ಎಂದು ನಾನು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಲೆಕ್ಕಕ್ಕೆ ಬರೋದು ರೋಗಿ ಮೈ, ನಿನ್ನ ಚೌಕ ಅಲ್ಲ" ಅಂದರು.

ಆಮೇಲೆ ಒಂದು ದಿನ ಮೇಟ್ರನ್ ಕರೆಕಳಿಸಿದರು. ಇಡೀ ಆಸ್ಪತ್ರೆಯ ನರ್ಸುಗಳಿಗೆ ಯಜಮಾನಿ ಅವರೇ. ದನಿ ಏರಿಸುವವರಲ್ಲ, ಆದರೆ ಅವರ ಕೋಣೆಗೆ ಹೋಗುವಾಗ ಎಲ್ಲರೂ ಒಮ್ಮೆ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ಅಂಕಿ ಅಂಶ ವಿವರಿಸಲು ನಾನೂ ಅಲ್ಲಿದ್ದೆ. ಮೇಜಿನ ಮೇಲೆ, ಒತ್ತಿದ ಪದಗಳನ್ನು ಎಣಿಸಿ ಕಂಪ್ಯೂಟರ್ ತೆಗೆದ, ಎಲ್ಲ ವಾರ್ಡುಗಳ ಕೆಲಸದ ಹೊರೆಯ ಕಂಬಚಿತ್ರ ಇತ್ತು. ಬೇರೆ ವಾರ್ಡುಗಳ ಕಂಬಗಳು ಮೇಲೆದ್ದು ನಿಂತಿದ್ದರೆ ಅತ್ತಿಗೆಯ ವಾರ್ಡಿನದು ನೆಲಕ್ಕೆ ಅಂಟಿಕೊಂಡಿತ್ತು.

"ನಿಮ್ಮ ವಾರ್ಡಲ್ಲಿ ತೊಂದರೆ ಅಂತ ಏನೂ ಕಾಣ್ತಿಲ್ಲ" ಅಂದರು ಮೇಟ್ರನ್. "ಹುಣ್ಣಿಲ್ಲ, ಯಾರೂ ಬಿದ್ದಿಲ್ಲ. ಮಾಡಿದ ಕೆಲಸ ಅಂತಾನೂ ಏನೂ ಕಾಣ್ತಿಲ್ಲ. ಶಸ್ತ್ರಚಿಕಿತ್ಸೆ ವಾರ್ಡಿನವರು ಕೈ ಸಾಲದೆ ಒದ್ದಾಡ್ತಿದ್ದಾರೆ. ನಿಮ್ಮ ಮೂರನೆಯವಳನ್ನ ಅಲ್ಲಿಗೆ ಕಳಿಸೋಣ ಅಂತ ಮೇಲಿನವರು ಹೇಳ್ತಿದ್ದಾರೆ."

ಅತ್ತಿಗೆಯ ಮುಖದ ಬಣ್ಣವೇ ಹೋಯಿತು. "ಮೇಡಂ, ಇಬ್ಬರ ಕೈಲಿ ಆ ವಾರ್ಡ್ ನಡಿಯಲ್ಲ. ಹುಣ್ಣಿಲ್ಲ ಅಂದ್ರೆ ಕೆಲಸ ಇಲ್ಲ ಅಂತಲ್ಲ. ಕೆಲಸ ಆಗ್ತಿದೆ ಅಂತಾನೇ ಹುಣ್ಣಿಲ್ಲ."

"ನಾನು ನಂಬ್ತೀನಿ. ನಾನೂ ವಾರ್ಡಲ್ಲಿ ಇದ್ದವಳೇ. ಆದ್ರೆ ಮೇಲಿನವರು ನಂಬಬೇಕಾದ್ರೆ ನನ್ನ ಕೈಲಿ ಏನಾದ್ರೂ ಇರ್ಬೇಕಲ್ಲ. 'ಎಂದಿನ ಆರೈಕೆ' ಅಂತ ತೋರಿಸಿದ್ರೆ ನಗ್ತಾರೆ. ಮುಂದಿನ ಪರಿಶೀಲನೆ ತನಕ ತಡೀತೀನಿ. ಅಷ್ಟರಲ್ಲಿ ಕೆಲಸ ಕಾಣೋ ಹಾಗೆ ಮಾಡಿ."

ಹೊರಗೆ ಬಂದ ಮೇಲೆ ಅತ್ತಿಗೆ, ನಾನೇ ಕಂಬ ಕಡಿದು ಗಿಡ್ಡ ಮಾಡಿದವಳ ಹಾಗೆ ಬಿರಬಿರನೆ ಮುಂದೆ ನಡೆದುಹೋದರು.

ಆ ದಿನ ಸಂಜೆ ಅಡುಗೆಮನೆಯಲ್ಲಿ ಅವರು ತರಕಾರಿ ಹೆಚ್ಚುತ್ತಿದ್ದ ಸದ್ದು ಮೇಲಿನ ಕೋಣೆಯವರೆಗೂ ಕೇಳಿಸುತ್ತಿತ್ತು. ನಾನು ಇಳಿದು ಹೋಗಿ ಎದುರು ಕೂತೆ. ಕತ್ತೆತ್ತದೆಯೇ ಶುರುಮಾಡಿದರು.

"ಬಿದ್ದೋರನ್ನ ಎತ್ತಿದ್ರೆ ನಿನ್ನ ಯಂತ್ರಕ್ಕೆ ಕಾಣುತ್ತೆ. ಬೀಳದ ಹಾಗೆ ಹಿಡ್ಕೊಂಡ್ರೆ ಕಾಣಲ್ಲ. ನಾಳೆಯಿಂದ ಒಬ್ಬೊಬ್ಬರನ್ನೇ ಬೀಳಿಸ್ಲಾ?"

"ಹಾಗಲ್ಲ ಅತ್ತಿಗೆ."

"ಮತ್ತೆ ಹೇಗೆ? ಆಗಿದ್ದನ್ನ ಬರೀಬಹುದು. ಆಗದೇ ಇರೋದನ್ನ ಏನಂತ ಬರೀಲಿ, ನೀನೇ ಹೇಳು."

"ಅದಕ್ಕೂ ಪದ ಇದೆ" ಅಂದೆ.

ಚಾಕು ನಿಂತಿತು. ನಾನು ಫೋನಿನಲ್ಲಿ ಆ ಪದಗಳ ಪಟ್ಟಿ ತೆಗೆದು ತೋರಿಸಿದೆ. 'ಒತ್ತಡದಿಂದ ಹುಣ್ಣಾಗುವ ಅಪಾಯ' ಎಂದಿತ್ತು. "ಹುಣ್ಣು ಆಗಿಲ್ಲ, ಆದ್ರೆ ಈ ಮನುಷ್ಯನಿಗೆ ಆಗಬಹುದು, ಆಗದ ಹಾಗೆ ನಾವು ನೋಡ್ಕೊಳ್ತಿದ್ದೀವಿ ಅಂತ ಇದರ ಅರ್ಥ. ಇದನ್ನ ಒತ್ತಿದ್ರೆ ಕೆಳಗೆ ಮಾಡಬೇಕಾದ ಕೆಲಸ ಬರುತ್ತೆ, ಮಗ್ಗುಲು ಬದಲಾವಣೆ. ಮಾಡಿದಾಗೆಲ್ಲ ಅದನ್ನ ಒತ್ತಬೇಕು. ಪಾಳಿ ಮುಗಿಸುವಾಗ ಫಲ ಕೇಳುತ್ತೆ. ಚರ್ಮ ಸುಸ್ಥಿತಿಯಲ್ಲಿದೆ ಅಂತ ಹಾಕ್ಬೇಕು."

ಅತ್ತಿಗೆ ಕೈ ಒರೆಸಿಕೊಂಡು ಫೋನು ಇಸಿದುಕೊಂಡರು. ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಒಂದೊಂದನ್ನೇ ಓದಿದರು. ಬೀಳುವ ಅಪಾಯ. ನುಂಗುವಾಗ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯ. ಒಂಟಿತನದ ಅಪಾಯ. ಇದೊಂದನ್ನು ಎರಡು ಸಲ ಓದಿದರು.

"ಇದನ್ನೆಲ್ಲ ಬರೆದೋರು ಯಾರು? ಡಾಕ್ಟರುಗಳಾ?"

"ಅಲ್ಲ, ನರ್ಸುಗಳೇ. ಎಲ್ಲೆಲ್ಲಿಯವರೋ ವರ್ಷಾನುಗಟ್ಟಲೆ ಕೂತು ಬರೆದದ್ದು."

"ಹಂಗಾದ್ರೆ ಅವರ ಕೈಲೂ ಯಾರೋ 'ಎಂದಿನ ಆರೈಕೆ' ಅಂತ ಬರೆಸಿರ್ಬೇಕು" ಎಂದು ನಿಧಾನವಾಗಿ ಅಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ತಮ್ಮ ಕೆಲಸವನ್ನು ಬಲ್ಲವರು ಇನ್ನೆಲ್ಲೋ ಇದ್ದಾರೆ ಎಂದು ತಿಳಿದು ಅವರಿಗೆ ಸಮಾಧಾನವಾಗಿತ್ತು, ಇಷ್ಟು ತಡವಾಗಿ ತಿಳಿದದ್ದಕ್ಕೆ ಸಂಕಟವೂ ಆಗಿತ್ತು. ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿ ಇಣುಕಿ, "ಏನು, ಇಬ್ರದ್ದೂ ಜಗಳ ಇಲ್ಲ? ಮೈ ಹುಷಾರಿಲ್ವಾ?" ಎಂದು ಕೇಳಿ ಬೈಸಿಕೊಂಡು ಹೋದ.

ಮರುದಿನದಿಂದ ಅತ್ತಿಗೆ 'ಇತರೆ' ಚೌಕವನ್ನು ಮುಟ್ಟಲಿಲ್ಲ, ಉಳಿದವರಿಗೂ ಮುಟ್ಟಗೊಡಲಿಲ್ಲ. ಕಲಿಯುವುದು ಸುಲಭವಾಗಿರಲಿಲ್ಲ. ಒಂದೇ ಬೆರಳಿನಲ್ಲಿ, ಹುಳ ಹೊಸಕುವವರ ಹಾಗೆ ಒಂದೊಂದು ಗುಂಡಿಯನ್ನೂ ಒತ್ತುತ್ತಿದ್ದರು. "ಹೊರಳಿಸೋದಕ್ಕಿಂತ ಒತ್ತೋದೇ ಕಷ್ಟ ಕಣೇ" ಎಂದು ದಿನವೂ ನನಗೆ ಶಾಪ ಹಾಕುತ್ತಿದ್ದರು. ಮರೆತುಹೋಗದಿರಲೆಂದು ಕೆಲಸ ಮಾಡುತ್ತಲೇ ಪದವನ್ನು ಗಟ್ಟಿಯಾಗಿ ಹೇಳುವುದನ್ನು ರೂಢಿ ಮಾಡಿಕೊಂಡರು. "ಮಗ್ಗುಲು ಬದಲಾವಣೆ, ಎಡಕ್ಕೆ" ಎಂದು ಇವರು ಕೂಗಿದರೆ ರೋಗಿಗಳೂ ಸೇರಿ ಕೂಗುತ್ತಿದ್ದರು.

ಕಿಟಕಿಯ ಬಳಿಯ ಕೊನೆಯ ಹಾಸಿಗೆಯಲ್ಲಿ ದರ್ಜಿ ಅಜ್ಜ ಇದ್ದ. ಬದುಕೆಲ್ಲ ಹೊಲಿಗೆ ಮಾಡಿದವನು, ಈಗ ಬಲಗೈ ಬಲಗಾಲು ಬಿದ್ದುಹೋಗಿವೆ, ಬಾಯಿ ಮಾತ್ರ ಸ್ವಲ್ಪ ತೊದಲಿದರೂ ಬಿದ್ದಿರಲಿಲ್ಲ. ಬಂದವರ ಹೆಗಲು ನೋಡಿಯೇ ಅಳತೆ ಹೇಳುತ್ತಿದ್ದ. ನನ್ನನ್ನು ನೋಡಿದ ಮೊದಲ ದಿನವೇ, "ಎಡ ಹೆಗಲು ಒಂದು ಚೂರು ಇಳಿದಿದೆ, ಜಾಸ್ತಿ ಹೊತ್ತು ಕೂತು ಕೆಲಸ ಮಾಡ್ತೀಯಾ ತಾಯಿ?" ಅಂದಿದ್ದ. ಅತ್ತಿಗೆಗೆ ಅಷ್ಟು ಸಾಕಾಯಿತು, ವಾರ ಪೂರ್ತಿ ಆಡಿಕೊಂಡರು. ಅವರು ಬಂದ ಕೂಡಲೇ ಅಜ್ಜ, "ಸಿಸ್ಟರ್, ಇವತ್ತು ನನ್ನ ಅಪಾಯ ಹೇಗಿದೆ?" ಎಂದು ಕೇಳುತ್ತಿದ್ದ. ಅತ್ತಿಗೆ ಬೆನ್ನು, ಸೊಂಟ, ಹಿಮ್ಮಡಿ ಎಲ್ಲ ನೋಡಿ, "ಅಪಾಯ ಇದೆ, ಹುಣ್ಣಿಲ್ಲ" ಎನ್ನುತ್ತಿದ್ದರು. ನನ್ನ ಪರದೆಯ ಮೇಲೆ ಆ ವಾರ್ಡಿನ ಕಂಬ ದಿನದಿನಕ್ಕೆ ಎತ್ತರವಾಗುತ್ತಿತ್ತು.

ಪರಿಶೀಲನೆ ಹತ್ತಿರ ಬಂದಿದ್ದಾಗ ಗಡಿಬಿಡಿಯ ಮಗ ಆಟವಾಡಲು ಹೋಗಿ ಕೈ ಮುರಿದುಕೊಂಡ. ಅವಳು ರಜೆ ಹಾಕಿದಳು. ಬದಲಿಗೆ ಯಾರನ್ನೂ ಕಳಿಸಲಿಲ್ಲ. ಆ ಮಧ್ಯಾಹ್ನ ಅತ್ತಿಗೆಯೂ ಇನ್ನೊಬ್ಬ ನರ್ಸೂ ಇಬ್ಬರೇ. ಊಟದ ಹೊತ್ತು ಮುಗಿಯುತ್ತಿದ್ದಂತೆ ಬಾಗಿಲ ಬಳಿಯ ರೋಗಿಗೆ ಫಿಟ್ಸ್ ಬಂತು. ಒಂದು ನಿಂತರೆ ಇನ್ನೊಂದು. ಡಾಕ್ಟರು ಬಂದರು, ಅವನನ್ನು ತುರ್ತು ವಿಭಾಗಕ್ಕೆ ಸಾಗಿಸಬೇಕಾಯಿತು, ಅತ್ತಿಗೆ ಜೊತೆಗೆ ಹೋದರು. ಉಳಿದ ಒಬ್ಬಳು ಒಂಟಿಯಾಗಿ ಯಾರನ್ನು ಹೊರಳಿಸಲು ಸಾಧ್ಯ? ಅತ್ತಿಗೆ ವಾಪಸು ಬಂದವರೇ ಬಾಗಿಲ ಕಡೆಯಿಂದ ಶುರುಮಾಡಿ ಒಬ್ಬೊಬ್ಬರನ್ನಾಗಿ ಹೊರಳಿಸಿಕೊಂಡು ಹೋದರು. ಕೊನೆಯ ಹಾಸಿಗೆ ತಲುಪುವ ಮೊದಲೇ ಪಾಳಿ ಮುಗಿಯಿತು. ಮುಂದಿನವರಿಗೆ ಹೇಳಿ ಹೋದರು. ಅವರೂ ಇದ್ದದ್ದು ಇಬ್ಬರೇ; ಕೊನೆಯ ಹಾಸಿಗೆಯ ಸರದಿ ಬರುವಾಗ ರಾತ್ರಿ ಬಹಳವಾಗಿತ್ತು.

ಮರುದಿನ ಅತ್ತಿಗೆ ಅಜ್ಜನ ಹೊದಿಕೆ ಸರಿಸಿದಾಗ ಬಲ ಹಿಮ್ಮಡಿಯ ಮೇಲೆ ಕಪ್ಪುಗೆಂಪಿನ ಗುಳ್ಳೆ ಎದ್ದಿತ್ತು. "ನೋವಿದೆಯಾ ಅಜ್ಜ?" ಎಂದು ಕೇಳಿದರು. "ಇಲ್ಲಮ್ಮ" ಎಂದ ಅಜ್ಜ. "ನಿನ್ನೆ ಯಾಕೆ ಕರೀಲಿಲ್ಲ?" ಎಂದರೆ, "ನಿಮ್ಮ ಪಾಡು ನೋಡಿ ಕರೆಯೋಕೆ ಮನಸ್ಸಾಗ್ಲಿಲ್ಲ" ಎಂದ.

ನನಗೆ ಫೋನು ಬಂತು. ಹೋಗಿ ನೋಡಿದರೆ ಅತ್ತಿಗೆ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರು. ಕೆಲಸಕ್ಕೆ ಮರಳಿದ್ದ ಗಡಿಬಿಡಿ ಪಕ್ಕದಲ್ಲಿ ನಿಂತಿದ್ದಳು. ಹುಣ್ಣು ಎಂದು ದಾಖಲಿಸಿದ ಕೂಡಲೇ ಪರದೆ ಒಂದು ಪ್ರಶ್ನೆ ಕೇಳುತ್ತದೆ: ಬರುವಾಗಲೇ ಇತ್ತೋ, ಇಲ್ಲಿಯೇ ಆದದ್ದೋ. ಆ ಪ್ರಶ್ನೆಗೆ ಅತ್ತಿಗೆ ಇನ್ನೂ ಏನನ್ನೂ ಒತ್ತಿರಲಿಲ್ಲ.

"ಬರುವಾಗಲೇ ಇತ್ತು ಅಂತ ಒತ್ತಿಬಿಡಿ ಅಕ್ಕ" ಎಂದಳು ಗಡಿಬಿಡಿ. "ಇಷ್ಟು ಕಷ್ಟಪಟ್ಟು ಈಗ ಹುಣ್ಣು ತೋರಿಸಿದ್ರೆ, ಮೂವರಿದ್ದೂ ಹಿಂಗಾಯ್ತು, ಇಬ್ಬರಿದ್ರೆ ಏನು ವ್ಯತ್ಯಾಸ ಅಂತಾರೆ. ನಿನ್ನೆ ಬಿಟ್ಟುಹೋದ ಮಗ್ಗುಲು ಬದಲಾವಣೆನೂ ಈಗಲೇ ತುಂಬಿಬಿಡೋಣ. ತಡವಾಗಿ ಹಾಕೋಕೆ ಬರುತ್ತಲ್ಲ. ನನ್ನನ್ನ ಶಸ್ತ್ರಚಿಕಿತ್ಸೆ ವಾರ್ಡಿಗೆ ಹಾಕಿದ್ರೆ ಪಾಳಿ ದಿನಕ್ಕೊಂದು ಥರ, ಮನೇಲಿ ಮಗನ್ನ ಯಾರು ನೋಡ್ತಾರೆ?"

ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ, ಒತ್ತಲು ಹೇಳಿದ್ದೊಂದನ್ನು ಬಿಟ್ಟು.

"ಅಜ್ಜ ಬಂದ ದಿನ ಹಿಮ್ಮಡಿ ನೋಡಿದ್ದು ನಾನೇ" ಎಂದರು ಅತ್ತಿಗೆ. "ಚೆನ್ನಾಗಿತ್ತು. ಬರುವಾಗಲೇ ಇತ್ತು ಅಂದ್ರೆ ಅವರ ಮನೆಯವರು ಸರಿಯಾಗಿ ನೋಡ್ಕೊಂಡಿಲ್ಲ ಅಂತಾಗುತ್ತೆ. ಅಜ್ಜನ ಮಗಳು ಮನೇಲಿ ಅವರನ್ನ ಹೂವಿನ ಹಾಗೆ ಇಟ್ಕೊಂಡಿದ್ಲು. ಅವಳ ತಲೆ ಮೇಲೆ ಯಾಕೆ ಹಾಕ್ಲಿ?"

"ಅಕ್ಕ..."

"ಗೊತ್ತು ಮಾರಾಯ್ತಿ. ನೀನು ಹೋದ್ರೆ ನನ್ನ ಕೈ ಮುರಿದ ಹಾಗೆ. ಆದ್ರೂ ಇದು ಇಲ್ಲೇ ಆಗಿದ್ದು."

ಒಂದೇ ಬೆರಳಿನಲ್ಲಿ ಒತ್ತಿದರು. ಹಾಸಿಗೆ ಹುಣ್ಣು, ಬಲ ಹಿಮ್ಮಡಿ, ಇಲ್ಲಿಯೇ ಆದದ್ದು. ನಿನ್ನೆಯ ಮಗ್ಗುಲು ಬದಲಾವಣೆ: ಮಾಡಿಲ್ಲ. ಕಾರಣ ಕೇಳಿತು. ಪಟ್ಟಿಯಿಂದ 'ಸಿಬ್ಬಂದಿ ಕೊರತೆ' ಆರಿಸಿದರು. ಇಷ್ಟು ವರ್ಷ ಕಿಟಕಿಯ ಕಡೆ ನೋಡಿ ಪಡುತ್ತಿದ್ದ ಹೆಮ್ಮೆಯನ್ನು ತಾವೇ ಕಳೆದುಕೊಂಡು ಎದ್ದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಗಡಿಬಿಡಿ ಔಷಧಿಯ ಗಾಡಿ ತಳ್ಳಿಕೊಂಡು ಹೋದಳು.

ಪರಿಶೀಲನೆಯ ದಿನ ಮೇಟ್ರನ್ ಕಣ್ಣು ಮೊದಲು ಬಿದ್ದದ್ದು ಹುಣ್ಣಿನ ಮೇಲೆಯೇ. "ನಿಮ್ಮ ವಾರ್ಡಲ್ಲಾ?" ಎಂದರು, ನಂಬಲಾಗದವರಂತೆ.

"ಹೌದು ಮೇಡಂ. ಆವತ್ತು ಇಬ್ಬರೇ ಇದ್ವಿ" ಎಂದರು ಅತ್ತಿಗೆ. ಬೇರೆ ಸಬೂಬು ಹೇಳಲಿಲ್ಲ.

ಮೇಟ್ರನ್ ಸ್ವಲ್ಪ ಹೊತ್ತು ಪರದೆ ನೋಡಿದರು. ಅಜ್ಜನ ಸಾಲಿನಲ್ಲಿ ದಿನಕ್ಕೆ ಇಷ್ಟು ಸಲ ಮಗ್ಗುಲು ಬದಲಾವಣೆ, ಚರ್ಮ ಸುಸ್ಥಿತಿಯಲ್ಲಿ, ಚರ್ಮ ಸುಸ್ಥಿತಿಯಲ್ಲಿ ಎಂದು ಸಾಲಾಗಿ ಇತ್ತು. ನಡುವೆ ಒಂದು ಮಧ್ಯಾಹ್ನ 'ಮಾಡಿಲ್ಲ, ಸಿಬ್ಬಂದಿ ಕೊರತೆ', ಮರುದಿನ ಹುಣ್ಣು. ಅವರು ನನ್ನ ಕಡೆ ತಿರುಗಿ, "ಹೆಂಗಸರ ವಾರ್ಡಿನದ್ದನ್ನೂ ಇದೇ ಥರ ತೆಗೆದು ತೋರಿಸು" ಎಂದರು.

ಹೆಂಗಸರ ವಾರ್ಡಿಗೆ ಆಗಲೇ ಒಬ್ಬಳನ್ನು ಕಡಿಮೆ ಮಾಡಿ ಬಹಳ ದಿನವಾಗಿತ್ತು. ಅಲ್ಲಿ ಹುಣ್ಣು ಜಾಸ್ತಿ ಎಂದು ಎಲ್ಲರಿಗೂ ಗೊತ್ತಿತ್ತು, ಅಲ್ಲಿನ ಹಿರಿಯ ನರ್ಸ್ ಸೋಮಾರಿ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದೂ ಇತ್ತು. ನಾನು ಅದೇ ಪದ ಹಾಕಿ ಹುಡುಕಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಅಲ್ಲಿಯೂ ಮಗ್ಗುಲು ಬದಲಾವಣೆ ಮಾಡಿಲ್ಲ, ಸಿಬ್ಬಂದಿ ಕೊರತೆ, ಮರುದಿನ ಅಥವಾ ಅದರ ಮರುದಿನ ಹುಣ್ಣು. ಒಂದು ಕಡೆ ಒಂದು ಸಲ ಆದದ್ದು ಇನ್ನೊಂದು ಕಡೆ ಮತ್ತೆ ಮತ್ತೆ ಆಗಿತ್ತು. ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಬರೆದಿದ್ದರೆ ಹೀಗೆ ಜೋಡಿಸಿ ನೋಡಲು ಯಾರಿಗೂ ಆಗುತ್ತಿರಲಿಲ್ಲ.

ಮೇಟ್ರನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ವಾರ್ಡಿನವಳನ್ನ ನಾನು ಕರೆಸಿ ಬೈದಿದ್ದೆ" ಎಂದರು. ಆಮೇಲೆ, "ನಿಮ್ಮ ಮೂರನೆಯವಳು ಅಲ್ಲೇ ಇರ್ಲಿ. ಹೆಂಗಸರ ವಾರ್ಡಿಗೂ ಒಬ್ಬರನ್ನ ವಾಪಸ್ ಕೇಳಿ ನಾನೇ ಬರೀತೀನಿ. ಇದನ್ನ ನೋಡಿದ ಮೇಲೆ ಮೇಲಿನವರು ಇಲ್ಲ ಅನ್ನೋಕೆ ಬಾಯಿ ಬರಲ್ಲ" ಎಂದರು.

ಸುದ್ದಿ ನಮಗಿಂತ ಮೊದಲು ವಾರ್ಡ್ ಮುಟ್ಟಿತ್ತು. ಗಡಿಬಿಡಿ ಎಲ್ಲರಿಗೂ ಚಹಾ ತರಿಸಿದ್ದಳು. ಅತ್ತಿಗೆ ಮಾತ್ರ ಲೋಟ ಮುಟ್ಟದೆ ಕೈ ತೊಳೆದುಕೊಂಡು ಕೊನೆಯ ಹಾಸಿಗೆಗೆ ಹೋದರು. ನಾನೂ ಹಿಂದೆ ಹೋದೆ. ಅಜ್ಜನ ಹಿಮ್ಮಡಿಯ ಪಟ್ಟಿ ಬಿಚ್ಚಿ ಒರೆಸುತ್ತ ಅವರು, ತಲೆ ಎತ್ತದೆ ಮಾತಾಡಿದರು.

"ಅಜ್ಜ, ಆವತ್ತು ನಿಮ್ಮನ್ನ ಹೊರಳಿಸ್ಬೇಕಿತ್ತು. ಆಗ್ಲಿಲ್ಲ. ಇದು ನಿಮ್ಮ ವಯಸ್ಸಿಂದ ಆಗಿದ್ದಲ್ಲ, ಕಾಯಿಲೆಯಿಂದಾನೂ ಅಲ್ಲ. ನಾವು ಬರದೇ ಇದ್ದಿದ್ದಕ್ಕೆ ಆಗಿದ್ದು."

"ಗೊತ್ತಮ್ಮ. ಮಲಗಿದ್ದೋನು ನಾನೇ ಅಲ್ವಾ" ಎಂದ ಅಜ್ಜ.

"ಈ ಹುಣ್ಣು ತೋರಿಸಿ ಇವತ್ತು ನಮ್ಮ ಹುಡುಗೀನ ಉಳಿಸ್ಕೊಂಡ್ವಿ. ಎಲ್ಲರೂ ಖುಷಿಯಾಗಿದ್ದಾರೆ. ನನಗೆ ಆಗ್ತಿಲ್ಲ. ನಿಮ್ಮ ಕಾಲು ಕೊಟ್ಟು ತಗೊಂಡ ಹಾಗಾಯ್ತು."

ಅಜ್ಜ ಸರಿಯಿದ್ದ ಎಡಗೈ ಚಾಚಿ ಅವರ ತೋಳು ತಟ್ಟಿದ. "ಬಟ್ಟೆ ಕತ್ತರಿಸುವಾಗ ತಪ್ಪಾದ್ರೆ ನಾನೂ ಗಿರಾಕಿಗೆ ಹೇಳ್ತಿದ್ದೆ ಸಿಸ್ಟರ್. ಹೇಳೋ ತನಕ ಊಟ ಸೇರ್ತಿರ್ಲಿಲ್ಲ." ಆಮೇಲೆ ಹಿಮ್ಮಡಿಯ ಕಡೆ ಕಣ್ಣು ಹಾಯಿಸಿದ. "ಈಗ ನಾನೂ ಒಂದು ನಿಜ ಹೇಳ್ತೀನಿ. ನೋವಿದೆ. ಮೊದಲ ದಿನದಿಂದಲೂ ಇದೆ. ಮಲಗಿದ್ರೆ ಉರಿಯುತ್ತೆ."

"ದಿನಾ ಕೇಳಿದಾಗ ಇಲ್ಲ ಅಂತಿದ್ರಲ್ಲ."

"ಇದೆ ಅಂದ್ರೆ ನಿಮಗೆ ತೊಂದರೆ ಆಗುತ್ತೆ ಅಂದ್ಕೊಂಡಿದ್ದೆ. ನೀವೇ ಎಲ್ಲ ಹೇಳಿದ ಮೇಲೆ ನಾನ್ಯಾಕೆ ಬಚ್ಚಿಡ್ಲಿ? ಅದನ್ನೂ ಹಾಕಿ."

ಅತ್ತಿಗೆ ಮೊಣಕೈಯಿಂದ ಕಣ್ಣೊರೆಸಿಕೊಂಡು ಹೊಸ ಪಟ್ಟಿ ಕಟ್ಟಿದರು. ಕರೆಯದೆಯೇ ಗಡಿಬಿಡಿ ಬಂದು ಹಾಸಿಗೆಯ ಆ ಕಡೆ ನಿಂತಳು. ಇಬ್ಬರೂ ಸೇರಿ ಅಜ್ಜನನ್ನು ಕಿಟಕಿಯ ಕಡೆಗೆ ಹೊರಳಿಸಿ ಹಿಮ್ಮಡಿ ತಾಗದಂತೆ ದಿಂಬು ಇಟ್ಟರು. ಆಮೇಲೆ ಅತ್ತಿಗೆ ಕಂಪ್ಯೂಟರಿನ ಗಾಡಿಯನ್ನು ಹಾಸಿಗೆಯ ಪಕ್ಕಕ್ಕೇ ಎಳೆದುಕೊಂಡು, ನೋವು ಎಲ್ಲಿ, ಎಷ್ಟು, ಯಾವಾಗಿನಿಂದ ಎಂದು ಅಜ್ಜನನ್ನೇ ಕೇಳಿ ಕೇಳಿ, ಒಂದೊಂದನ್ನಾಗಿ ಒತ್ತಿದರು.